ತೋಳ ಸಾಕಿದ ಕೂಸು, ಹಸುವಿಗೆ ಒಪ್ಪಿಸಿದ ಕೂಸು

ಓದುವ ಹುಚ್ಚಿನವಳು ಎಂದು ಮನೆಮಂದಿಯೆಲ್ಲ ನನ್ನನ್ನು ಆಡಿಕೊಳ್ಳುತ್ತಾರೆ. ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಊಟ ನಿದ್ದೆ ಬಿಟ್ಟು ಓದಿದ ಒಂದು ಕಾದಂಬರಿಯ ಕೊನೆಯ ಮೂವತ್ತು ಪುಟಗಳನ್ನು ನಾನು ಇವತ್ತಿಗೂ ಓದಿಲ್ಲ. ಕಾರಣ, ಹೆದರಿಕೆ. ಪುಸ್ತಕಕ್ಕೆ ಹೆದರುವವರನ್ನು ನೀವು ಕಂಡಿರಲಾರಿರಿ, ಇಗೋ, ಇಲ್ಲೊಬ್ಬಳಿದ್ದೇನೆ.

ಎಪ್ಪತ್ತರ ದಶಕದ ಕೊನೆ. ನಮ್ಮದು ಹೊನ್ನವಳ್ಳಿ ಹತ್ತಿರದ ತೋಟದ ಮನೆ. ತಿಪಟೂರಿಗೆ ಕೊಬ್ಬರಿ ಹಾಕಲು ಹೋದಾಗಲೆಲ್ಲ ಯಜಮಾನರು ಬಾಡಿಗೆ ಪುಸ್ತಕದಂಗಡಿಯಿಂದ ನನಗೊಂದು ಕಾದಂಬರಿ ತರುತ್ತಿದ್ದರು. ಆರಿಸುವ ಗೋಜಿಗೆ ಹೋಗದೆ ದಪ್ಪ ನೋಡಿ ತರುತ್ತಿದ್ದರು. ಹಾಗೆ ಬಂದದ್ದು ತೋಳಗಳ ನಡುವೆ ಬೆಳೆದ ಮಗುವಿನ ಕಥೆ. ಹೊಲದ ಬದುವಿನಲ್ಲಿ ತಾಯಿ ಮಲಗಿಸಿದ ಕೂಸನ್ನು ತೋಳ ಹೊತ್ತೊಯ್ಯುತ್ತದೆ, ತಿನ್ನುವುದಿಲ್ಲ, ಸಾಕುತ್ತದೆ. ನಮ್ಮ ಪುರಾಣಗಳಲ್ಲೂ ಹಕ್ಕಿಗಳು ಕಾಯ್ದ ಕೂಸುಗಳುಂಟು. ಅವು ಬೆಳೆದು ಚೆಂದವಾಗಿ ಮಾತಾಡುತ್ತವೆ, ರಾಜರನ್ನು ಮದುವೆಯಾಗುತ್ತವೆ. ಈ ಮಗು ಮಾತ್ರ ಮಾತೇ ಕಲಿಯಲಿಲ್ಲ. ನಾಲ್ಕು ಕಾಲಲ್ಲಿ ನಡೆಯುತ್ತಿತ್ತು. ಹೆತ್ತವಳು ಎದುರು ನಿಂತು ಕರೆದರೆ ಹಲ್ಲು ಕಿರಿಯುತ್ತಿತ್ತು. ಅಲ್ಲಿಗೆ ಬಂದಾಗ ಪುಟದಲ್ಲಿ ಬೆರಳಿಟ್ಟು ಪುಸ್ತಕ ಮುಚ್ಚಿದೆ. ನನ್ನ ಮಗಳಿಗೆ ಆಗ ಎರಡೂವರೆ ವರ್ಷ. ಅವಳಿಗೂ ಒಂದೇ ಒಂದು ಮಾತು ಬಂದಿರಲಿಲ್ಲ.

ಅವಳಿಗಿಂತ ಮುಂಚೆ ಎರಡು ಕೂಸುಗಳು ಹುಟ್ಟಿ, ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟಿದ್ದವು. ಮೂರನೆಯವಳು ಹುಟ್ಟಿದ ಕೂಡಲೇ ನಮ್ಮತ್ತೆ ಅವಳನ್ನು ಕೊಟ್ಟಿಗೆಗೆ ಒಯ್ದು, ಗೋದಲಿಯ ಹುಲ್ಲಿನ ಮೇಲೆ ಮಲಗಿಸಿ, "ಇದು ನಿನ್ ಕರ ಕಣವ್ವ, ನಮ್ದಲ್ಲ" ಎಂದು ಹಸುವಿಗೆ ಒಪ್ಪಿಸಿದರು. ಮೂರು ವರ್ಷ ತುಂಬುವವರೆಗೆ ಹೆಸರು ಹಿಡಿದು ಕರೆಯಬಾರದು, ಮುದ್ದಿಸಿ ಮಾತಾಡಿಸಬಾರದು. ಅದು ನಮ್ಮ ಮಗುವೆಂದು ಸಾವಿಗೆ ಗೊತ್ತಾಗಬಾರದು. ಗೌರಿ ಎಂದು ಹೆಸರಿಟ್ಟದ್ದೂ ಪಿಸುಮಾತಿನಲ್ಲೇ. ಎಲ್ಲರ ಬಾಯಲ್ಲೂ ಅವಳು "ಕರ". ಹಗಲೆಲ್ಲ ಹಸು, ಮೇಕೆಮರಿಗಳ ಜೊತೆ ಕೊಟ್ಟಿಗೆಯಲ್ಲೇ ಇರುತ್ತಿದ್ದಳು. ಎಸ್ಸೆಸ್ಸೆಲ್ಸಿವರೆಗೆ ಓದಿದ ನಾನು ಇದನ್ನೆಲ್ಲ ನಂಬುತ್ತಿರಲಿಲ್ಲ. ನಂಬದಿದ್ದರೂ ಒಂದನ್ನೂ ಮೀರಲಿಲ್ಲ. ಎರಡು ಸಲ ಮಣ್ಣಿಗೆ ಕೊಟ್ಟವಳ ಧೈರ್ಯ ಅಷ್ಟೇ.

ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿ ಇಳಿಸಿ, ಸುಲಿದು ಕೊಬ್ಬರಿ ತೆಗೆಯುವ ದಿನಗಳು. ಬಿಳಿಗೆರೆ ಕಡೆ ತೋಳ ಕುರಿ ಎತ್ತಿಕೊಂಡು ಹೋದ ಸುದ್ದಿ ಬೇರೆ. ಆಳುಗಳಿಗೆ ಊಟ ಬಡಿಸಿ, ಒಂದೇ ಒಂದು ಪುಟ ಎಂದು ಮೂಲೆಯಲ್ಲಿ ಕೂತೆ. ಆ ಒಂದು ಪುಟ ಎಷ್ಟಾಯಿತೋ, ತಲೆಯೆತ್ತಿದಾಗ ಬಿಸಿಲು ಇಳಿದಿತ್ತು. ಕೊಟ್ಟಿಗೆಯಲ್ಲಿ ಮಗಳಿರಲಿಲ್ಲ.

ಮೊದಲು ಬಾವಿಗೆ ಇಣುಕಿದೆವು. ಆಮೇಲೆ ತೋಟದ ಸಾಲುಸಾಲಿನಲ್ಲೂ "ಗೌರೀ, ಗೌರೀ" ಎಂದು ಕೂಗಿಕೊಂಡು ಓಡಿದೆವು. ಕಾಯಿ ಸುಲಿಯುವ ರಂಗಣ್ಣ, "ಹೆದ್ರಬ್ಯಾಡಿ ಕಣ್ರವ್ವಾ, ಇಲ್ಲೇ ಎಲ್ಲೋ ಐತೆ" ಎನ್ನುತ್ತಲೇ ಮಚ್ಚು ಕೈಗೆ ತೆಗೆದುಕೊಂಡ. ಆ ಮಚ್ಚು ಕಂಡು ನಾನು ಇನ್ನೂ ಜೋರಾಗಿ ಕೂಗಿದೆ. ಹೊತ್ತು ಮುಳುಗುತ್ತಿತ್ತು, ಕೂಗಿ ಕೂಗಿ ಯಜಮಾನರ ದನಿ ಬಿದ್ದುಹೋಗಿತ್ತು. ಆಗ ತಟ್ಟನೆ ಹೊಳೆಯಿತು: ನಾವು ಕೂಗುತ್ತಿರುವ ಹೆಸರನ್ನು ಅವಳು ಒಮ್ಮೆಯೂ ಕೇಳಿಲ್ಲ. ಅವಳ ಪಾಲಿಗೆ ಅದು ಬೇರೆ ಯಾರದೋ ಹೆಸರು.

"ಕರಾ, ಬಾ ಬಾ ಬಾ" ಎಂದೆ, ಹಾಲು ಹಿಂಡುವ ಹೊತ್ತಿಗೆ ಕರುವನ್ನು ಕರೆಯುವ ದನಿಯಲ್ಲಿ.

ಒಣಗರಿಯ ರಾಶಿಯ ಕೆಳಗೆ ಏನೋ ಸರಸರ ಎಂದಿತು. ಮೈಯೆಲ್ಲ ಮಣ್ಣಾಗಿ, ಕೂದಲು ಕೆದರಿ, ಕೈಕಾಲೂರಿಕೊಂಡು ಅವಳು ತೆವಳಿ ಹೊರಬಂದಳು. ಓಡಿಹೋಗಿ ಎತ್ತಿಕೊಂಡೆ ಎಂದೇ ಎಲ್ಲರಿಗೂ ಹೇಳುತ್ತೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಮೊದಲು ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ಮಗಳನ್ನು ಕಂಡೇ ಹೆದರಿದೆ.

ಎತ್ತಿಕೊಂಡ ಮೇಲೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. ಗೌರಿ, ಇದು ಮರ, ಗೌರಿ, ಇದು ಕಾಗೆ ಎಂದು ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಮನೆಗೆ ಬಂದೆ. ಜಗಲಿಯಲ್ಲಿ ನಿಂತಿದ್ದ ಅತ್ತೆ, "ಕೂಗ್ಬ್ಯಾಡ ಕಣೇ, ಕೇಳುಸ್ಕಂಡೀತು" ಎಂದರು. ಯಾವುದು ಎಂದು ಹೇಳಲಿಲ್ಲ.

"ಕೇಳುಸ್ಕಳ್ಳಿ" ಎಂದೆ. ಅಂದೆನೇ ಹೊರತು, ಮಗುವಿನ ತಲೆಗೆ ಸೆರಗು ಮುಚ್ಚಿದೆ. ಕಾದಂಬರಿಯ ತೋಳ ತನಗೆ ಬಂದದ್ದನ್ನೆಲ್ಲ ಆ ಮಗುವಿಗೆ ಕಲಿಸಿತ್ತು; ನಾವು ಹೆದರಿ ಹೆದರಿ ನಮ್ಮ ಮಾತನ್ನೇ ಕಲಿಸಿರಲಿಲ್ಲ. ಮಾರನೆಯ ವಾರ ಪುಸ್ತಕ ಅಂಗಡಿಗೆ ವಾಪಸಾಯಿತು.

ಆಮೇಲಿನ ಎರಡು ತಿಂಗಳು ಅವಳ ಮೇಲೆ ಮಾತು ಸುರಿದೇ ಸುರಿದೆ. ಅವಳು ಸುಮ್ಮನೆ ನನ್ನ ಬಾಯಿ ನೋಡುತ್ತಿದ್ದಳು. ಎಲ್ಲಿಗೆ ಹೋದರೂ ಅವಳ ಪುಟ್ಟ ಕೈ ನನ್ನ ಮುಷ್ಟಿಯಲ್ಲೇ. ಒಂದು ಬೆಳಿಗ್ಗೆ ಅಂಗಳದಲ್ಲಿ ಕೈ ಕೊಸರಿಕೊಂಡಳು. ನಾನು ಇನ್ನೂ ಬಿಗಿಯಾಗಿ ಹಿಡಿದೆ. ಅವಳು ನನ್ನ ಮುಖವನ್ನೇ ನೋಡಿ, ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಮಾತಾಡಿದಳು:

"ಬುಡು."

ಸಂತೋಷಕ್ಕೆ ಅಳು ಆ ಕ್ಷಣವೇ ಬಂತು. ಕೈ ಬಿಡಲು ಮಾತ್ರ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.