ಜಪಾನಿ ಪುರಾಣದ ಮಂಗಲ

ನಮ್ಮ ಮನೆಯಲ್ಲಿ ಒಂದು ಶ್ರಾವಣ ಜಪಾನಿ ಪುರಾಣ ಹಚ್ಚಿದ್ದೆವು ಎಂದರೆ ಯಾರೂ ನಂಬುವುದಿಲ್ಲ. ನಂಬಿಸಲೇಬೇಕೆಂಬ ಹಟ ನನಗೂ ಇಲ್ಲ. ನಡೆದದ್ದನ್ನು ಬರೆಯುತ್ತೇನೆ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮತ್ತೆ ಚೌಡಾಪುರದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಅಫಜಲಪುರದಲ್ಲಿ ಎಕ್ಸ್‌ರೇ ಆಯಿತು, ಮುಂದೆ ಆಪರೇಶನ್ ಆಯಿತು, ಕಡೆಗೆ ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಮಂಚ ಬಿತ್ತು. ನನ್ನ ಗಂಡನಿಗೆ ಜೇವರ್ಗಿಯಲ್ಲಿ ನೌಕರಿ. ಶನಿವಾರ ಬಂದು, ತಾಯಿಯ ಕಾಲು ಮುಟ್ಟಿ ನೋಡಿ, ಸೋಮವಾರ ಹೋಗುತ್ತಿದ್ದರು. ಉಳಿದ ದಿನಗಳ ಕಾಲು ನನ್ನ ಪಾಲಿಗಿತ್ತು. ನಾನು ಸರಸಂಬಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬೆಳಿಗ್ಗೆ ಅವರ ಮೈ ಒರೆಸಿ, ಸೀರೆ ಬದಲಿಸಿ, ಬಸ್ಸು ಹಿಡಿದು ಹೋಗಿ, ಸಂಜೆ ಬಂದು ಮತ್ತೆ ಅದನ್ನೇ ಮಾಡುತ್ತಿದ್ದೆ.

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಮೊದಲು ಎದ್ದು ಕೂರಬೇಕು, ಆಮೇಲೆ ನಿಲ್ಲಬೇಕು. ಎರಡು ತಿಂಗಳೊಳಗೆ ನಿಲ್ಲದಿದ್ದರೆ ಮುಂದೆ ಮಂಚವೇ ಗತಿ. ನಾಲ್ಕು ಕಾಲಿನ ವಾಕರ್ ಒಂದನ್ನು ತಂದು ಮೂಲೆಯಲ್ಲಿಟ್ಟೆವು. ಅತ್ತೆ ಅದನ್ನು ಮುಟ್ಟಲಿಲ್ಲ. ನಾವು ಅದರ ಮೇಲೆ ಟವೆಲ್ ಒಣಹಾಕತೊಡಗಿದೆವು.

"ನನ್ನ ಕಾಲಾಗ ಜೀವ ಇಲ್ಲ," ಎನ್ನುತ್ತಿದ್ದರು.

ಜೀವ ಇತ್ತು. ಸೊಳ್ಳೆ ಕಚ್ಚಿದರೆ ಎಳೆದುಕೊಳ್ಳುತ್ತಿದ್ದರು. ಇಲ್ಲದ್ದು ಧೈರ್ಯ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ, ಅದು ಬೇರೆ ಮಾತು.

ಶ್ರಾವಣ ಬಂತು. ಚೌಡಾಪುರದ ಮಠದಲ್ಲಿ ತಿಂಗಳು ಪೂರ್ತಿ ಪುರಾಣ ನಡೆಯುತ್ತದೆ. ಮದುವೆಯಾಗಿ ಬಂದಾಗಿನಿಂದ ಅತ್ತೆ ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ಛಾವಣಿಯ ಫ್ಯಾನ್ ನೋಡುತ್ತ ಮಲಗಿದ್ದರು. ಊಟ ಅರ್ಧಕ್ಕೆ ಇಳಿಯಿತು. ಹದಿನೆಂಟು ವರ್ಷ ನನ್ನ ರೊಟ್ಟಿ ದಪ್ಪ ಎಂದು ಆಡಿಕೊಂಡವರು, ಈಗ ಎಂಥ ರೊಟ್ಟಿ ಕೊಟ್ಟರೂ ಸುಮ್ಮನಿರುತ್ತಿದ್ದರು. ನನಗೆ ನಿಜಕ್ಕೂ ಹೆದರಿಕೆಯಾದದ್ದು ಆಗ.

ಮೊದಲ ಸೋಮವಾರ ಸಂಜೆ ನನ್ನ ಮಗಳು ಮಂಚದ ತುದಿಗೆ ಕೂತು ಏನೋ ಓದುತ್ತ ಕಿಸಕ್ಕೆಂದು ನಕ್ಕಳು. ಆಗ ಅವಳು ಪಿಯುಸಿ. ಸೋಲಾಪುರದಲ್ಲಿರುವ ನಾದಿನಿಯ ಮಗಳು ಹನ್ನೊಂದು ಜಪಾನಿ ಚಿತ್ರಕಥೆ ಪುಸ್ತಕಗಳನ್ನು ಅವಳಿಗೆ ಕೊಟ್ಟಿದ್ದಳು. ಮಾಂಗಾ ಎನ್ನುತ್ತಾರಂತೆ. ಹುಡುಗಿಯರಿಗೆಂದೇ ಬರೆದದ್ದು, ಒಂದೇ ಕಥೆ, ಇಂಗ್ಲಿಷಿನಲ್ಲಿ.

"ಏನ್ ಓದಾಕತ್ತೀದಿ ಬೇ?" ಅತ್ತೆ ಕೇಳಿದರು.

"ಒಂದು ಹುಡುಗಿ ಕಥಿ, ಆಯಿ."

"ಜೋರಾಗಿ ಓದು. ನಾನೂ ಶ್ರಾವಣದಾಗ ನಾಲ್ಕ ಮಾತು ಕೇಳ್ತೇನಿ."

ಮಗಳು ಕನ್ನಡದಲ್ಲಿ ಹೇಳುತ್ತ ಹೋದಳು. ಶಾಲೆಯ ಹುಡುಗಿಯೊಬ್ಬಳು ಬಸ್ಸಿನಲ್ಲಿ ನಿದ್ದೆಹೋಗಿ, ಯಾವ ನಕ್ಷೆಯಲ್ಲೂ ಇಲ್ಲದ ನಿಲ್ದಾಣದಲ್ಲಿ ಇಳಿಯುತ್ತಾಳೆ. ಮಾದನಹಿಪ್ಪರಗಾ ಬಸ್ಸಿನಲ್ಲಿ ಓಡಾಡಿದವರಿಗೆ ಇದರಲ್ಲಿ ಅತಿಶಯವೇನೂ ಕಾಣುವುದಿಲ್ಲ. ಆ ರಾಜ್ಯದಲ್ಲಿ ಮಳೆ ನಿಲ್ಲುವುದಿಲ್ಲ. ಕಲ್ಲಿನ ಪೀಠದ ಮೇಲೆ ಒಬ್ಬ ಮುದಿ ರಾಣಿ ಕೂತಿದ್ದಾಳೆ. ಅವಳು ಕೂತಿರುವವರೆಗೂ ಮಳೆ. ಕೂತು ಕೂತು ಅವಳ ಪಾದಗಳಿಗೆ ಬೇರು ಬಂದಿವೆ. ಅವಳ ಮೊಮ್ಮಗ ರಾಜಕುಮಾರ, ಸೊಂಟದವರೆಗೆ ಕೂದಲು ಬಿಟ್ಟವನು, ಪ್ರತಿ ಪುಟದಲ್ಲೂ ಗಾಳಿಗೆ ಮುಖಮಾಡಿ ನಿಂತಿರುತ್ತಾನೆ.

ಮರುದಿನ ಸಂಜೆ ಐದಕ್ಕೆ ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, "ನನ್ನ ಎಬ್ಬಿಸಿ ಕುಂಡರಸು," ಎಂದರು. "ಪುರಾಣ ಮಲ್ಕೊಂಡು ಕೇಳಬಾರ್ದು."

ಫಿಸಿಯೋಥೆರಪಿಯವನು ಮೂರು ವಾರ ಬೇಡಿಕೊಂಡರೂ ಏಳದ ಬೆನ್ನು ಅದು. ಎರಡು ದಿಂಬು ಕೊಟ್ಟು ಕೂರಿಸಿದೆ. ಅದು ಪುರಾಣವಲ್ಲ ಎಂದು ತಿದ್ದಲು ಮಗಳು ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ.

ಪಕ್ಕದ ಮನೆಯ ಖಾಲಾ ಕೂಡ ಬಂದು ಕೂರತೊಡಗಿದರು. ಹಗಲೆಲ್ಲ ಅತ್ತೆಯನ್ನು ನೋಡಿಕೊಳ್ಳುತ್ತಿದ್ದವರೇ ಅವರು. ಪುಸ್ತಕವನ್ನು ಹಿಂದಿನಿಂದ ತೆರೆದು ಬಲಗಡೆಯಿಂದ ಓದುವುದನ್ನು ಕಂಡು ನನಗೆ ತಲೆ ತಿರುಗಿದರೆ, ಅವರಿಗೆ ಅದು ಸಹಜವಾಗಿತ್ತು. "ನಮ್ಮ ಉರ್ದು ಕಿತಾಬನೂ ಹಿಂಗ ಅದಾವ್ರಿ ಟೀಚರ್. ಇದ್ರಾಗ ಏನ್ ಅಜಬ್ ಐತಿ?"

ಇಬ್ಬರಿಗೂ ಕಥೆಯ ಬಗ್ಗೆ ತಕರಾರುಗಳಿದ್ದವು. ಮಳೆ ನಿಲ್ಲದಿರುವುದನ್ನು ಶಾಪ ಎಂದದ್ದು ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಹಂಗೆ ನೀರು ನಿಂತರೆ ತೊಗರಿ ಬೇರು ಕೊಳೆಯುತ್ತದೆ ಎಂದು ಖಾಲಾ ತಿಳಿಹೇಳಿದ ಮೇಲೆ ಒಪ್ಪಿದರು. ಚಿತ್ರದ ಹುಡುಗಿಯನ್ನು ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಇಷ್ಟು ದೊಡ್ಡ ಕಣ್ಣ ಅದಾವ, ಮುಂದಿಂದು ಕಾಣಂಗಿಲ್ಲ ಆಕಿಗಿ," ಎಂದರು. ರಾಜಕುಮಾರನ ಕೂದಲಿಗೆ ಎಣ್ಣೆ ಹಚ್ಚುವವರು ಯಾರೂ ಇಲ್ಲವೆಂಬ ಚಿಂತೆ ಕಡೆಯವರೆಗೂ ಇತ್ತು. ಮುದಿ ರಾಣಿಯ ಬಗ್ಗೆ ಮಾತ್ರ ಏನೂ ಅನ್ನಲಿಲ್ಲ. ಅವಳ ಪಾದದ ಬೇರುಗಳ ಚಿತ್ರ ಬಂದಾಗ ಪುಸ್ತಕ ಇಸಿದುಕೊಂಡು ಬಹಳ ಹೊತ್ತು ನೋಡಿದರು.

ಅವರು ಕೂರುತ್ತಿದ್ದರು. ಉಣ್ಣುತ್ತಿದ್ದರು. ರೊಟ್ಟಿ ಮತ್ತೆ ದಪ್ಪವಾಯಿತು. ನಿಲ್ಲುವುದೊಂದು ಬಾಕಿ. ಅದಕ್ಕೂ ನಾನು ಉಪಾಯ ಕಂಡುಕೊಂಡಿದ್ದೆ. ಪುರಾಣ ಮಂಗಲವಾಗುವ ದಿನ ಆರತಿಗೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಕೂತು ಮಂಗಲ ಮಾಡಿಸಿಕೊಳ್ಳುವವರಲ್ಲ ನಮ್ಮತ್ತೆ.

ಶ್ರಾವಣ ಮುಗಿಯಲು ಐದು ದಿನವಿದ್ದಾಗ ಮಗಳು ಅಡುಗೆಮನೆಗೆ ಬಂದು ಹನ್ನೊಂದನೆಯ ಪುಸ್ತಕದ ಹಿಂದಿನ ಪುಟ ತೋರಿಸಿದಳು. ಬರೆದ ಹೆಣ್ಣುಮಗಳಿಗೆ ಆರಾಮಿಲ್ಲ, ಮುಂದಿನ ಭಾಗ ಯಾವಾಗ ಬರುತ್ತದೋ ಹೇಳಲಾಗದು ಎಂದಿತ್ತು. ಫೋನಿನಲ್ಲಿ ಹುಡುಕಿದಳು. ಆ ಲೇಖಕಿ ಪೆನ್ನು ಕೆಳಗಿಟ್ಟು ವರ್ಷಗಳೇ ಆಗಿದ್ದವು.

ಹಚ್ಚಿದ ಪುರಾಣವನ್ನು ಮಂಗಲ ಮಾಡದೆ ಬಿಡುವುದು ಅತ್ತೆಯ ಲೆಕ್ಕದಲ್ಲಿ ಮನೆಗೆ ಕೇಡು. ಡಾಕ್ಟರ ಲೆಕ್ಕದಲ್ಲಿ ಉಳಿದದ್ದು ಒಂದೇ ವಾರ. ನಾನು ಶಾಲೆಯಲ್ಲಿ ಕಿರುಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತ, ಉತ್ತರಪತ್ರಿಕೆಯ ಎರಡು ಹಾಳೆಗಳಲ್ಲಿ ಹನ್ನೆರಡನೆಯ ಭಾಗ ಬರೆದು ಮುಗಿಸಿದೆ. ಲೆಕ್ಕ ಸುಲಭದ್ದು. ರಾಣಿ ಕೂತಿರುವವರೆಗೆ ಮಳೆ. ರಾಣಿಯನ್ನು ಕಳೆದರೆ ಮಳೆಯೂ ಕಳೆಯುತ್ತದೆ. ಒಂದು ಬೆಳಗ್ಗೆ ರಾಣಿ ಶಾಂತವಾಗಿ ತೀರಿಕೊಂಡಳು, ಬಿಸಿಲು ಬಂತು, ಹುಡುಗಿಗೂ ರಾಜಕುಮಾರನಿಗೂ ಮದುವೆಯಾಯಿತು, ಬಸ್ಸೂ ಬಂತು.

ಕಡೆಯ ದಿನ ಮಗಳು ಹಾಳೆಗಳನ್ನು ಪುಸ್ತಕದೊಳಗಿಟ್ಟುಕೊಂಡು ಓದಿದಳು. ಖಾಲಾ ಮದುವೆಯ ಭಾಗಕ್ಕೆ ತಲೆದೂಗಿದರು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ತೆರೆದರು.

"ಇದು ಜಪಾನಿನಾಕಿ ಬರದಿದ್ದಲ್ಲ," ಎಂದರು. "ಹನ್ನೊಂದು ಪುಸ್ತಕ ಆಕಿ ಮುದುಕಿನ ಜ್ವಾಪಾನ ಮಾಡ್ಯಾಳ. ಒಂದ ದಿನದಾಗ ಕೊಲ್ಲಂಗಿಲ್ಲ." ಆಮೇಲೆ ನನ್ನ ಕಡೆ ನೋಡಿ, ಸಿಟ್ಟಿಲ್ಲದೆ ಕೇಳಿದರು: "ಯಾಕ ಕೊಂದಿ?"

ಕಥೆ ಮುಗಿಸಬೇಕಿತ್ತು, ಅದಕ್ಕೆ ಕೊಂದೆ ಎಂದು ಹೇಳಬಹುದಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಬರೆಯುವಾಗ ರಾಣಿ ತೀರಿಕೊಳ್ಳುವ ಸಾಲಿನ ಹತ್ತಿರ ನನಗೆ ಹಗುರಾಗಿತ್ತು. ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ಮಾಡುವ ಕೆಲಸಗಳೆಲ್ಲ ಒಮ್ಮೆಲೇ ಮುಗಿದಂತೆ ಹಗುರಾಗಿತ್ತು. ಆ ಹಗುರ ನನಗೆ ಗೊತ್ತಿತ್ತು, ಈಗ ಅವರಿಗೂ ಗೊತ್ತಾಗಿತ್ತು. ನಾಚಿಕೆಯಿಂದ ನನ್ನ ಕಿವಿ ಸುಟ್ಟವು.

"ಸಾಕಾಗಿತ್ತರಿ," ಎಂದೆ.

"ಸಾಕಾಗ್ತದ. ನನಗೂ ಸಾಕಾಗೇದ." ಅವರು ಹಾಳೆಗಳನ್ನು ಇಸಿದುಕೊಂಡು, ತಿರುವಿ, ಖಾಲಿ ಬದಿ ಮೇಲೆ ಮಾಡಿ ನನ್ನ ಕೈಗೆ ಕೊಟ್ಟರು. "ನಾ ಹೇಳ್ತೇನಿ, ಬರಿ. ಮುದುಕಿ ಎದ್ದಳು."

ಬರೆದೆ. ಲೆಕ್ಕದ ಟೀಚರಿನ ಅಭ್ಯಾಸ ಬಿಡಲಿಲ್ಲ. "ಹೆಂಗ ಎದ್ದಳು ಅಂತ ಬರೀಬೇಕಲ್ರಿ? ಕಾಲಿಗಿ ಬೇರದಾವ."

ಅತ್ತೆ ಮೂಲೆಯ ಕಡೆ ಕೈ ತೋರಿಸಿದರು. ಮಗಳು ವಾಕರ್ ತಂದಳು. ಅದರ ಮೇಲಿನ ಟವೆಲ್ ತೆಗೆಯುವುದನ್ನೂ ಮರೆತಿದ್ದಳು. ಅತ್ತೆ ಎರಡೂ ಪಾದಗಳನ್ನು ನೆಲಕ್ಕೆ ಬಿಟ್ಟು ಅವುಗಳನ್ನೇ ನೋಡಿದರು. ಖಾಲಾ ಒಂದು ರಟ್ಟೆ ಹಿಡಿದರು, ನಾನು ಇನ್ನೊಂದು. ನನ್ನ ರಟ್ಟೆಯಲ್ಲಿ ಅವರ ಉಗುರು ಊರಿತು. ಬೆನ್ನು ಬಾಗಿತ್ತು, ಬಾಯಿ ಬಿಗಿದಿತ್ತು, ಆದರೂ ಎದ್ದರು. ನಿಂತರು.

"ಬಿಡ್ರಿ ಕೈ," ಎಂದರು. ಬಿಟ್ಟೆವು.

ಮುಂದೇನು ಬರೆಯಬೇಕೆಂದು ತೋಚದೆ ಹಾಳೆ ಹಿಡಿದು ನಾನೂ ನಿಂತಿದ್ದೆ.

"ಮಂಗಲ ಅಂತ ಬರಿ. ಇಲ್ಲ, ಅದನ್ನ ಆಮ್ಯಾಲ ಬರೀವಂತಿ, ಮೊದಲ ಒಳಗ ಹೋಗಿ ಆರತಿ ತಾ."

ಒಳಗೆ ಹೋದೆ. ಕಡ್ಡಿ ಗೀರಿದೆ, ಹತ್ತಲಿಲ್ಲ. ಇನ್ನೊಂದು ಗೀರಿದೆ. ಕಣ್ಣು ತುಂಬಿ ದೀಪ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಪಡಸಾಲೆಯಿಂದ ಅತ್ತೆಯ ದನಿ ಬಂತು, ಹಳೆಯದೇ ದನಿ, ಹದಿನೆಂಟು ವರ್ಷ ನನ್ನ ಕೆಲಸ ತಡ ಎಂದು ಕೂಗಿದ್ದು.

"ಲಗೂ ಬಾ ಬೇ. ಎಷ್ಟೊತ್ತು ನಿಲ್ಲಲಿ ನಾನು?"