ಹುಲ್ಲು ತಯಾರಾಗಿತ್ತು

ಹತ್ತು ವರ್ಷದ ಹಿಂದಿನ ಮಾತು. ಕಾಮೋಠೆಯ ಬೀಜದ ಕಂಪನಿಯಲ್ಲಿ ನನಗೆ ಕೆಲಸ, ಡೊಂಬಿವಲಿಯಲ್ಲಿ ಮನೆ. ಕೃಷಿ ಓದಿದವನೆಂಬ ಜಂಬ ಬೇರೆ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ವಿಠ್ಠಲವಾಡಿಯ ಕಾಕಾ ಒಬ್ಬರು ಹುಡುಕಿಕೊಂಡು ಬಂದರು. ವಿಜಾಪುರದ ಕಡೆಯವರು, ಮದುವೆ ಮೆರವಣಿಗೆಗೆ ಕುದುರೆ ಕೊಡುವವರು. ಕಲ್ಯಾಣದಾಚೆ ಅವರು ಗೇಣಿಗೆ ಹಿಡಿದಿದ್ದ ಹುಲ್ಲುಗಾವಲನ್ನು ಎರಡು ಹೆಣ್ಣುಕುದುರೆಗಳು ಬುಡದವರೆಗೂ ಮೇಯ್ದು ಬೋಳು ಮಾಡಿದ್ದವು.

ಕುದುರೆ ಕಟ್ಟಿಹಾಕಿ, ಒಣಮೇವೇ ಕೊಡಿ ಎಂದೆ. ಮೊದಲ ಮಳೆಗೆ ಹುಲ್ಲಿನ ಬೀಜ ಚೆಲ್ಲಿಸಿದೆ. ಭಾನುವಾರ ಭಾನುವಾರ ಹೋಗಿ ಪಾಠ ಮಾಡುತ್ತಿದ್ದೆ.

"ಹಿಡಿ ಹುಲ್ಲು ಹಿಡ್ಕೊಂಡು ಎಳೀರಿ ಕಾಕಾ. ಬೇರು ಕಿತ್ತು ಬಂದ್ರೆ ಇನ್ನೂ ಕುದುರೆ ಮೇಯೋಕೆ ಬಿಡಬಾರ್ದು."

ಎರಡರಲ್ಲಿ ಮುದಿ ಕುದುರೆಯ ಪಕ್ಕೆಲುಬು ಎಣಿಸಬಹುದಿತ್ತು. "ನನ್ನ ಮೂರೂ ಮಕ್ಕಳ್ನ ಓದಿಸಿದಾಕಿ ಇಕಿ," ಎನ್ನುತ್ತಿದ್ದರು ಕಾಕಾ. ಅದು ಬದುಕಿಕೊಂಡರೆ ಸಾಕಾಗಿತ್ತು ಅವರಿಗೆ.

ಶ್ರಾವಣದ ಒಂದು ಭಾನುವಾರ ಹುಲ್ಲು ಎಳೆದೆ. ಗರಿ ಹರಿಯಿತು, ಬೇರು ನೆಲದಲ್ಲೇ ಉಳಿಯಿತು. ನನಗೆ ಹಿಗ್ಗೋ ಹಿಗ್ಗು.

"ಮುದುಕೀನ ಮೊದ್ಲು ಬಿಡಿ ಕಾಕಾ."

ಅವರು ಅನುಮಾನಿಸಿದರು. "ನಾಕ್ ತಿಂಗ್ಳಾತ್ರಿ ಒಣಾದ ತಿಂದು. ಒಮ್ಮಿಗೇ ಹಸೀದು ಹೊಟ್ಟಿಗೆ ಹೊಂದತೈತೇನ್ರಿ ಸರ? ದಿನಾ ಸ್ವಲ್ಪ ಸ್ವಲ್ಪ ಹೊತ್ತಷ್ಟ ಮೇಯಿಸಿ ನೋಡೂಣೇನು?"

"ಹುಲ್ಲು ತಯಾರಾಗಿದೆಯಲ್ಲ, ಇನ್ನೇನು ಯೋಚನೆ? ಹೊಟ್ಟೆ ತುಂಬ ತಿನ್ನಲಿ," ಎಂದುಬಿಟ್ಟೆ.

ಹುಟ್ಟಿದಾಗಿನಿಂದ ಕುದುರೆ ಜೊತೆಗೇ ಬೆಳೆದ ಮನುಷ್ಯ. ನಾನೋ, ಕುದುರೆಯ ಮೈ ಸವರಿದವನೂ ಅಲ್ಲ. ಆದರೂ ಓದಿದವನ ಮಾತೆಂದು ಅವರು ಹಗ್ಗ ಬಿಚ್ಚಿದರು. ನಾನು ಲೋಕಲ್ ಹಿಡಿದು ಮನೆಗೆ ಬಂದು ಸೊಗಸಾಗಿ ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಫೋನ್ ಬಂತು. ಹೊಟ್ಟೆ ಉಬ್ಬರಿಸಿ ಕುದುರೆ ನೆಲಕ್ಕೆ ಬಿದ್ದು ಹೊರಳಾಡುತ್ತಿತ್ತಂತೆ. ನಾನು ರಜೆ ಹಾಕಿ ಓಡಿದೆ. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಒಣಮೇವಿಗೆ ಒಗ್ಗಿದ ಹೊಟ್ಟೆಗೆ ಹಸಿಹುಲ್ಲನ್ನು ದಿನಕ್ಕಿಷ್ಟು ಎಂದು ರೂಢಿ ಮಾಡಿಸಬೇಕಿತ್ತು ಎಂದರು. ಕಾಕಾ ಕೇಳಿದ್ದೂ ಅದನ್ನೇ. ಮಧ್ಯಾಹ್ನದ ಹೊತ್ತಿಗೆ ಅದು ಸತ್ತಿತು.

ನಾಚಿಕೆಯಿಂದ ಸತ್ತುಹೋದಂತಾಗಿತ್ತು ನನಗೆ. ಇವರು ನಾಲ್ಕು ಮಾತಾದರೂ ಬೈಯಬಾರದೇ ಅನಿಸಿತು. ಕಾಕಾ ಬೈಯಲಿಲ್ಲ. ಸತ್ತದ್ದರ ಮೇಲೆ ಗೋಣಿಚೀಲ ಹೊದಿಸಿ, ಕಟ್ಟಿದ್ದ ಇನ್ನೊಂದು ಕುದುರೆಯ ಪಕ್ಕ ಹೋಗಿ ನಿಂತರು.

"ಇದನ್ನ ಯಾವಾಗ ಬಿಡ್ಲಿ ಸರ?"

ಚುಚ್ಚಿ ಕೇಳುತ್ತಿದ್ದಾರೇನೋ ಎಂದು ಮುಖ ನೋಡಿದೆ. ಅಲ್ಲ. ನಾನು ಏನು ಹೇಳುತ್ತೇನೋ ಎಂದು ನಿಜವಾಗಿಯೂ ಕಾಯುತ್ತಿದ್ದರು.