ಮೊಮ್ಮಗಳ ಎಂ.ಎ. ಮತ್ತು ನಾನು ತಿಂದ ಎಲೆ

ನಾನು ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ ಎಂದು ಊರಿನವರು ಹೇಳುತ್ತಾರೆ. ಸುಳ್ಳು. ಸದಸ್ಯನಾಗಿದ್ದವನು ನನ್ನ ಗಂಡ. ನಾನು ಸಹಿ ಹಾಕಿದೆ, ಅಷ್ಟೇ.

ಈಚೆಗೆ ಹಿಟ್ಟಿನ ಗಿರಣಿಗೆ ಹೋದಾಗ ಇದು ನೆನಪಾಯಿತು. ಗಿರಣಿಯ ಪಕ್ಕದ ಚರಂಡಿ ಕಟ್ಟಿಸಿದಾಗ ಆ ಕಾಲದಲ್ಲಿ ನಿಲ್ಲಿಸಿದ ಉದ್ಘಾಟನೆಯ ಕಲ್ಲಿನ ಮೇಲೆ ನನ್ನ ಹೆಸರಿದೆ. ಕಲ್ಲು ವಾಲಿದೆ. ಯಾರೋ ಅದಕ್ಕೆ ಎಮ್ಮೆ ಕಟ್ಟಿದ್ದರು. ಎಮ್ಮೆಯನ್ನು ಸರಿಸಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ನನ್ನ ಹೆಸರನ್ನು ನಾನೇ ಓದಿದೆ. ಮೂರನೇ ತರಗತಿಯ ಓದಿಗೆ ಅಷ್ಟು ಸಾಕು.

ಸಭೆ ಎಂದರೆ ನನಗೆ ಗೋಡೆ ಬದಿಯ ಕುರ್ಚಿ, ಚಹಾ, ಎರಡು ಬಿಸ್ಕೀಟು. ಅದೂ ಎರಡೋ ಮೂರೋ ಸಲ. ಉಳಿದಂತೆ ಠರಾವಿನ ಪುಸ್ತಕ ಮನೆಗೇ ಬರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಕೈ ಒರೆಸಿಕೊಂಡು, ಗಂಡ ಬೆರಳಿಟ್ಟಲ್ಲಿ ಸಹಿ ಹಾಕುತ್ತಿದ್ದೆ. ಪುಸ್ತಕದ ಅಂಚಿಗೆಲ್ಲ ಜೋಳದ ಹಿಟ್ಟು. ನನ್ನ ಸಹಿ ದುಂಡಗಿದೆ ಎಂದು ಹೆಮ್ಮೆ ಬೇರೆ.

ಒಮ್ಮೆ ಹೊಸದಾಗಿ ಬಂದ ಪಿಡಿಒ, ಪಂಚಾಯಿತಿಯ ಅಧಿಕಾರಿ, ಸಣ್ಣ ವಯಸ್ಸಿನ ಹೆಣ್ಣುಮಗಳು, ಪುಸ್ತಕ ಹಿಡಿದು ತಾನೇ ಮನೆಗೆ ಬಂದಳು.

“ಓದಿ ಸಹಿ ಮಾಡ್ರಿ, ಅಮ್ಮಾರ.”

“ನೀ ಓದೀಯಲ್ಲವ್ವಾ, ಮತ್ತ ನಾ ಯಾಕ ಓದ್ಲಿ?” ಎಂದು ನಕ್ಕೆ.

ಆಕೆ ನಗಲಿಲ್ಲ. “ಅದರಾಗ ನಿಮ್ಮ ಓಣಿಗೆ ನಳ ಹಾಕ್ಸೇವಿ ಅಂತ ಬರದೈತ್ರಿ. ಹಾಕ್ಯಾರೇನು?”

ಹಾಕಿರಲಿಲ್ಲ. ಆ ಬೆಳಿಗ್ಗೆಯೂ ನಾನು ದೂರದ ಬೋರಿನಿಂದ ಕೊಡ ಹೊತ್ತು ತಂದಿದ್ದೆ. ಆದರೆ ಗಂಡ ಬಾಗಿಲಲ್ಲಿ ನಿಂತಿದ್ದ. ಸಹಿ ಹಾಕಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳಿದೆ. ಹೋಗುವಾಗ ಆಕೆಯನ್ನು, “ಏನ್ ಓದೀಯವ್ವಾ ನೀನು?” ಎಂದು ಕೇಳಿದೆ. ರಾಜ್ಯಶಾಸ್ತ್ರ ಎಂದಳು.

ಅದಕ್ಕೇ ಇರಬೇಕು, ಮೊಮ್ಮಗಳು ಅಂಬಿಕಾ ಕುಷ್ಟಗಿಯ ಕಾಲೇಜಿನಲ್ಲಿ ಅದನ್ನೇ ಓದುತ್ತೇನೆ ಎಂದಾಗ ಮನೆಯಲ್ಲಿ ಬೇಡ ಎನ್ನದವಳು ನಾನೊಬ್ಬಳೇ. ಬಿ.ಎ. ಮುಗಿಯಿತು. ಯಲಬುರ್ಗಾದ ಬೀಗರು, “ಮುಂದ ಎಮ್ಮೆಲ್ಲೆ ಆಗ್ತೀಯೇನು?” ಎಂದು ಹಲ್ಲು ಕಿಸಿದರು. ಗಂಗಾವತಿಯ ನನ್ನ ತಂಗಿ, “ನರ್ಸಿಂಗ್ ಮಾಡಿಸಿದ್ರ ಇಷ್ಟೊತ್ತಿಗೆ ಪಗಾರ ಬರ್ತಿತ್ತಕ್ಕಾ” ಎಂದಳು. ಅಂಬಿಕಾಳಿಗೆ ಮಾತ್ರ ದಾರಿ ಗೊತ್ತಿತ್ತು. ಕೊಪ್ಪಳದಲ್ಲಿ ಎಂ.ಎ., ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಲು ಬೇಕಾದ ಪರೀಕ್ಷೆ, ನಡುವೆ ಪಿಡಿಒ ಹುದ್ದೆಗೆ ಕರೆದರೆ ಅದನ್ನೂ ಬಿಡುವವಳಲ್ಲ. ವಕೀಲಿ ಓದುವ ಆಸೆಯೂ ಇತ್ತು. “ಒಂದ ಜನ್ಮಕ್ಕ ಇಷ್ಟ ಸಾಕು ಬಿಡಜ್ಜಿ” ಎಂದು ಅದನ್ನು ತಾನೇ ಕೈಬಿಟ್ಟಳು. ಎಂ.ಎ. ಸೀಟು ಸಿಕ್ಕಿತು. ಶುಕ್ರವಾರ ಹೋಗಿ ಸೇರಬೇಕು, ತಪ್ಪಿದರೆ ಸೀಟು ಬೇರೆಯವರಿಗೆ.

ಗುರುವಾರ ಸಂಜೆ ಓಣಿಯ ಹಿರಿಯ ಸಂಗಪ್ಪ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದ. ನಮ್ಮ ವಾರ್ಡು ಮತ್ತೆ ಹೆಣ್ಣುಮಕ್ಕಳಿಗೆ ಮೀಸಲಾಗಿದೆ. ಜಗಳ ಬೇಡ, ನಿಮ್ಮ ಮನೆಯವರನ್ನೇ ಅವಿರೋಧವಾಗಿ ಆರಿಸೋಣ ಎಂದು ಹಿರಿಯರು ಕೂತು ಮಾತಾಡಿದ್ದಾರೆ ಎಂದ. ನಮ್ಮ ಓಣಿಯಲ್ಲಿ ಮನೆಯ ಹಿರಿಯರು ಆ ಎಲೆ ತಿಂದರೆ ಮಾತು ಒಪ್ಪಿದಂತೆ.

ನಾನು ತಿಂದೆ. ಯಾರ ಹೆಸರು ಎಂದು ಕೇಳದೆ ತಿಂದೆ. ಸೊಸೆಯ ಹೆಸರಿರಬೇಕು ಎಂದುಕೊಂಡೆ. ಸೊಸೆಯನ್ನಾದರೂ ಕೇಳಬೇಕಿತ್ತಲ್ಲ? ಅದೂ ಹೊಳೆಯಲಿಲ್ಲ.

“ಅಂಬಿಕಾನ್ನ ನಿಲ್ಲಸ್ತೀವಿ,” ಎಂದ ಸಂಗಪ್ಪ. “ರಾಜ್ಯಶಾಸ್ತ್ರ ಓದ್ಯಾಳ, ಕಾಗದಪತ್ರ ತಿಳೀತಾವ.”

ನನ್ನ ಮಗ ಹನುಮೇಶನ ಮುಖ ಅರಳಿತು. “ಭಾಳ ಛಲೋ ಆತು. ಸಹಿ ಆಕಿ ಮಾಡ್ಲಿ, ಓಡ್ಯಾಟ ನಾ ನೋಡ್ಕೋತೀನಿ.” ಸತ್ತ ಗಂಡನೇ ಎದ್ದು ಬಂದು ಮಾತಾಡಿದ ಹಾಗಿತ್ತು.

“ಅಪ್ಪಾ, ನಾಳೆ ನಾ ಕೊಪ್ಪಳಕ್ಕ ಹೋಗಬೇಕು.”

“ನಾಳೇನ ನಾಮಪತ್ರಕ್ಕ ಕಡೀ ದಿನ. ಓದೂದು ಎಲ್ಲಿ ಓಡಿ ಹೋಗತೈತಿ?”

“ನಾ ಒಲ್ಲೆ.”

“ನೀ ಒಲ್ಲೆ ಅಂದ್ರ ಆತೇನು?” ಎಂದ ಸಂಗಪ್ಪ. “ನಿಮ್ಮಜ್ಜಿ ಎಲಿ ತಿಂದಾಳ. ಈಗ ಇಲ್ಲಾ ಅಂದ್ರ ಓಣ್ಯಾಗ ಮರ್ಯಾದಿ ಏನುಳೀತು?”

ಅಂಬಿಕಾ ನನ್ನ ಕಡೆ ನೋಡಿದಳು. ನನ್ನ ಬಾಯಿ ಕೆಂಪಾಗಿತ್ತು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಚೀಲದಿಂದ ಅಂಕಪಟ್ಟಿಗಳನ್ನು ತೆಗೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ನನಗೆ ಕರುಳು ಹಿಂಡಿತು ಎಂದು ತಿಳಿಯಬೇಡಿ. ಸಿಟ್ಟು ಬಂತು, ನನ್ನ ಮೇಲೆಯೇ. ತೋರಿಸಿದಲ್ಲಿ ಸಹಿ ಹಾಕುವುದಕ್ಕೆ ಇವಳು ಇಷ್ಟು ಓದಬೇಕಿತ್ತೇ? ಅದಕ್ಕೆ ನಾನೇ ಸಾಲದೇ?

ಮರುದಿನ ಬೆಳಿಗ್ಗೆ ಟ್ರಂಕು ತೆಗೆಸಿ, ಅಂಕಪಟ್ಟಿಗಳನ್ನು ಚೀಲಕ್ಕೆ ತುಂಬಿಸಿ, ಹನುಮಸಾಗರದ ಕಡೆಯಿಂದ ಬರುವ ಮೊದಲ ಬಸ್ಸಿಗೆ ಅಂಬಿಕಾಳನ್ನು ಹತ್ತಿಸಿದೆ. ಅಲ್ಲಿಂದ ನೆಟ್ಟಗೆ ಸಂಗಪ್ಪನ ಮನೆಗೆ ಹೋದೆ. ಅವನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ.

“ಎಲಿ ತಿಂದಾಕಿ ನಾನು, ನಿಲ್ಲಾಕಿನೂ ನಾನ. ನನ್ನ ಹೆಸರು ಬರ್ಕೋ,” ಎಂದೆ. “ಸಭಾಕ್ಕ ನಾನ ಬರ್ತೀನಿ. ಹನುಮೇಶ ಹೊಲಕ್ಕ ಹೋಗ್ತಾನ. ಓದಿದ ಮ್ಯಾಲ ಸಹಿ ಹಾಕೂದು. ಹೊತ್ತಾದ್ರ ಎಲ್ಲಾರೂ ಕುಂದರ್ರಿ.”

“ಈ ವಯಸ್ಸಿನ್ಯಾಗ ಇದೇನ್ ಬೇ ಎವ್ವಾ ನಿಂದು?” ಎಂದ, ಬಾಯಿ ತುಂಬ ನೊರೆ.

“ಮೊದ್ಲ ಬಾಯಿ ತೊಳ್ಕೋ. ನಾಮಪತ್ರ ಕೊಡಾಕ ಹೋಗೂದೈತಿ,” ಎಂದು ಅವನ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತೆ.